ಹಾಲು ದಕ್ಕುವುದಿಲ್ಲ ಅಂದರೆ ಮೊಸರು, ತುಪ್ಪವನ್ನೂ ಬಿಡಬೇಕೆ?

ಪ್ರಶ್ನೆ: ನಾನು ಗದಗಿನವಳು, ವಯಸ್ಸು 43, ಪ್ರಾಥಮಿಕ ಶಾಲೆ ಶಿಕ್ಷಕಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಒಂದು ತಾಸು ದೂರದ ಹಳ್ಳಿಗೆ ಹೋಗುತ್ತೇನೆ. ಚಿಕ್ಕವಳಿದ್ದಾಗಿನಿಂದ ಬರೀ ಹಾಲು ಅಷ್ಟಾಗಿ ಸೇರುತ್ತಿರಲಿಲ್ಲ, ಆದರೆ ಕುಡಿದರೆ ಏನೂ ಆಗುತ್ತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಮದುವೆ ಊಟ ಮಾಡಿ ಬಂದು ಐದು ದಿನ ವಾಂತಿ-ಭೇದಿ ಆಯಿತು. ಅದು ನಿಂತ ಮೇಲೆ ಬೆಳಿಗ್ಗೆ ಒಂದು ಲೋಟ ಎಮ್ಮೆ ಹಾಲು ಕುಡಿದರೆ ಸಾಕು, ಬಸ್ಸು ಅರ್ಧ ದಾರಿಗೆ ಬರುವಷ್ಟರಲ್ಲಿ ಹೊಟ್ಟೆ ಗುಡುಗುಡು, ಉಬ್ಬರ. ಶಾಲೆ ಮುಟ್ಟುವ ತನಕ ಜೀವ ಕೈಯಲ್ಲಿ. ಏಕಾದಶಿ ಉಪವಾಸದ ದಿನ ಹಾಲು, ಬಾಳೆಹಣ್ಣು ತಗೊಂಡರೆ ಇನ್ನೂ ಜಾಸ್ತಿ. ಪಕ್ಕದ ಮನೆಯವರು ಜವಾರಿ ಆಕಳ ಹಾಲಿಗೆ ಬದಲಿಸಿ ಅಂದರು. ತಮ್ಮ ಮೊಬೈಲ್ ನೋಡಿ ಇದು ಹಾಲಿನ ಅಲರ್ಜಿ, ರಕ್ತ ಪರೀಕ್ಷೆ ಮಾಡಿಸು ಅಂದ. ಮೊಸರು, ತುಪ್ಪದಿಂದ ಏನೂ ಆಗುತ್ತಿರಲಿಲ್ಲ. ಆದರೂ ಭಯಕ್ಕೆ ಒಂದೂವರೆ ತಿಂಗಳಿಂದ ಎಲ್ಲವನ್ನೂ ಬಿಟ್ಟಿದ್ದೇನೆ. ಚಹಾ ಒಂದನ್ನು ಬಿಡಲಾಗಿಲ್ಲ, ದಿನಕ್ಕೆ ನಾಲ್ಕು ಕಪ್ ಆಗುತ್ತದೆ. ಅತ್ತೆಯವರು "ಹಾಲು ಮಸರು ಬಿಟ್ಟರ ಎಲುಬು ಸವದು ಹೋಗ್ತಾವ" ಅಂತ ಹೆದರಿಸುತ್ತಾರೆ. ಏಳು ವರ್ಷದ ಮಗನಿಗೂ ಹಾಲು ನಿಲ್ಲಿಸಬೇಕೆ? ಮತ್ತೆ, ನಗಬೇಡಿ, ಧಾರವಾಡ ಪೇಡಾ ಇನ್ನು ತಿನ್ನಲೇಬಾರದೆ?

ಉತ್ತರ: ಪೇಡಾ ವಿಷಯಕ್ಕೆ ನಗುವ ಸ್ಥಿತಿಯಲ್ಲಿ ನಾನಿಲ್ಲ ಅಕ್ಕೋರೆ. ಹುಬ್ಬಳ್ಳಿಯಲ್ಲಿ ಹೊಟ್ಟೆ, ಕರುಳಿನ ತೊಂದರೆ ನೋಡುವುದೇ ನನ್ನ ಕೆಲಸ. ಹಾಗಿದ್ದೂ ನನಗೇ ಒಂದು ಲೋಟ ಹಾಲು ದಕ್ಕುವುದಿಲ್ಲ. ಮನೆಯಲ್ಲಿ ಹೋಳಿಗೆ ಮಾಡಿದ ದಿನ ಎಲ್ಲರ ತಾಟಿಗೂ ಹಾಲು ಬೀಳುತ್ತದೆ, ನನ್ನ ತಾಟಿಗೆ ತುಪ್ಪ ಮಾತ್ರ.

ಬಸ್ಸಿನಲ್ಲಿ ಹೊಟ್ಟೆ ಕೆಟ್ಟರೆ ಏನು ಗತಿ ಎಂಬ ಭಯಕ್ಕೆ ನೀವು ಹಾಲಿನ ಹೆಸರಿರುವುದನ್ನೆಲ್ಲ ಬಿಟ್ಟಿದ್ದೀರಿ. ಆ ಭಯ ಸುಳ್ಳಲ್ಲ. ಆದರೆ ಅಷ್ಟೆಲ್ಲ ಬಿಡಬೇಕಾಗಿರಲಿಲ್ಲ. ಅದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಅದು ನಿಮ್ಮ ಚಹಾ.

ಲೆಕ್ಕ ಹಾಕಿ ನೋಡೋಣ. ಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಇದೆ, ಅದರ ಹೆಸರು ಲ್ಯಾಕ್ಟೋಸ್. 100 ಮಿ.ಲೀ. ಹಾಲಿನಲ್ಲಿ ಹೆಚ್ಚುಕಡಿಮೆ 5 ಗ್ರಾಂ. ನಿಮ್ಮ ಬೆಳಗಿನ ಲೋಟ 250 ಮಿ.ಲೀ. ಅಂತ ಹಿಡಿದರೆ ಒಂದೇ ಸಲಕ್ಕೆ 12 ಗ್ರಾಂ ಲ್ಯಾಕ್ಟೋಸ್ ಹೊಟ್ಟೆಗೆ ಹೋಯಿತು. ಒಂದು ಕಪ್ ಚಹಾಕ್ಕೆ 50 ಮಿ.ಲೀ. ಹಾಲು ಅಂದುಕೊಳ್ಳಿ, ನಾಲ್ಕು ಕಪ್ಪಿಗೆ 10 ಗ್ರಾಂ ಆಯಿತು. ಎರಡೂ ಹತ್ತಿರ ಹತ್ತಿರ ಒಂದೇ. ಲೋಟದ ಹಾಲು ನಿಮ್ಮನ್ನು ಒದ್ದಾಡಿಸುತ್ತದೆ, ಚಹಾ ಏನೂ ಮಾಡುವುದಿಲ್ಲ. ಯಾಕೆಂದರೆ ಚಹಾದ ಹಾಲು ದಿನವಿಡೀ ಹಂಚಿಕೊಂಡು, ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತದೆ.

ಈಗ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಲ್ಯಾಕ್ಟೋಸ್ ಅಂದರೆ ಎರಡು ಸಣ್ಣ ಸಕ್ಕರೆಗಳು ಅಂಟಿಕೊಂಡಿರುವ ಜೋಡಿ. ಜೋಡಿಯಾಗಿದ್ದರೆ ಅದು ರಕ್ತಕ್ಕೆ ಸೇರುವುದಿಲ್ಲ, ಬಿಡಿಸಬೇಕು. ಬಿಡಿಸುವ ಕೆಲಸ ಲ್ಯಾಕ್ಟೇಸ್ ಎಂಬ ಕಿಣ್ವದ್ದು. ಸಣ್ಣ ಕರುಳಿನ ಒಳಗೋಡೆಯ ಮೇಲೆ ಮಖಮಲ್ ಬಟ್ಟೆಯ ಎಳೆಗಳಂತೆ ಸಣ್ಣ ಸಣ್ಣ ಕುಚ್ಚುಗಳಿರುತ್ತವೆ. ಈ ಕಿಣ್ವ ಇರುವುದು ಆ ಕುಚ್ಚುಗಳ ಮೇಲ್ಮೈಯಲ್ಲಿ. ಕಿಣ್ವ ಸಾಲದಿದ್ದರೆ ಲ್ಯಾಕ್ಟೋಸ್ ಹಾಗೇ ಮುಂದೆ ಸಾಗುತ್ತದೆ. ಸಾಗುವಾಗ ನೀರನ್ನು ಎಳೆದುಕೊಳ್ಳುತ್ತದೆ. ದೊಡ್ಡ ಕರುಳು ಮುಟ್ಟಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸುತ್ತವೆ, ಗ್ಯಾಸ್ ಹುಟ್ಟುತ್ತದೆ. ನೀರು ಮತ್ತು ಗ್ಯಾಸ್ ಸೇರಿದರೆ ನೀವು ಹೇಳಿದ ಗುಡುಗುಡು. ಕುಡಿದ ಅರ್ಧ ತಾಸಿನಿಂದ ಎರಡು ತಾಸಿನೊಳಗೆ ಇದು ಶುರುವಾಗುತ್ತದೆ, ಅಂದರೆ ಸರಿಯಾಗಿ ನೀವು ಬಸ್ಸಿನಲ್ಲಿ ಕೂತಿರುವ ಹೊತ್ತಿಗೆ. ಖಾಲಿ ಹೊಟ್ಟೆಯಲ್ಲಿ ಹಾಲು ಬೇಗ ಕೆಳಗಿಳಿಯುತ್ತದೆ, ಇರುವ ಅಷ್ಟಿಷ್ಟು ಕಿಣ್ವಕ್ಕೂ ಪುರುಸೊತ್ತು ಸಿಗುವುದಿಲ್ಲ. ಏಕಾದಶಿ ದಿನ ಜಾಸ್ತಿ ಆಗುವುದು ಅದಕ್ಕೇ.

ನಿಮ್ಮ ತಮ್ಮ ಹೇಳಿದ ಅಲರ್ಜಿ ಬೇರೆಯೇ ಕಥೆ. ಹಾಲಿನ ಅಲರ್ಜಿಯಲ್ಲಿ ದೇಹ ತಿರುಗಿ ಬೀಳುವುದು ಹಾಲಿನ ಪ್ರೋಟೀನಿನ ಮೇಲೆ. ಮೈಮೇಲೆ ದದ್ದು, ತುಟಿ ಊತ, ವಾಂತಿ, ಕೆಲವರಿಗೆ ಉಸಿರಾಟಕ್ಕೇ ತೊಂದರೆ. ಹೆಚ್ಚಾಗಿ ಎಳೆ ಮಕ್ಕಳಲ್ಲಿ ಕಾಣುತ್ತದೆ. ಅಲ್ಲಿ ಒಂದು ಚಮಚವೂ ಅಪಾಯ ತರಬಹುದು. ನಿಮ್ಮದು ಅಂಥದ್ದಾಗಿದ್ದರೆ ನಾಲ್ಕು ಕಪ್ ಚಹಾ ನಿಮ್ಮನ್ನು ಸುಮ್ನೆ ಬಿಡುತ್ತಿರಲಿಲ್ಲ. ಇನ್ನು ಆ ರಕ್ತ ಪರೀಕ್ಷೆ. "ಯಾವ ಯಾವ ಆಹಾರ ಆಗಿಬರುವುದಿಲ್ಲ" ಅಂತ ಉದ್ದದ ಪಟ್ಟಿ ಕೊಡುವ, ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯ ಹುಡುಕುವ ಪರೀಕ್ಷೆಗಳಿವೆ. ಐಜಿಜಿ ಇದೆ ಅಂದರೆ ಆ ಆಹಾರವನ್ನು ನೀವು ತಿಂದಿದ್ದೀರಿ ಅಂತ ಅರ್ಥ, ಅಷ್ಟೇ. ಲ್ಯಾಕ್ಟೋಸ್ ಸಕ್ಕರೆ, ಅದು ದಕ್ಕುತ್ತದೋ ಇಲ್ಲವೋ ಅಂತ ಈ ಪರೀಕ್ಷೆ ಹೇಳಲಾರದು. ಆ ಪಟ್ಟಿ ಹಿಡಿದುಕೊಂಡು ಗೋಧಿ, ಶೇಂಗಾ, ಬದನೆಕಾಯಿ ಎಲ್ಲ ಬಿಟ್ಟು ಸೊರಗಿ ಬಂದವರನ್ನು ನೋಡಿದ್ದೇನೆ. ಆ ದುಡ್ಡು ಉಳಿಸಿ.

ಜವಾರಿ ಆಕಳ ಹಾಲಿನ ಮಾತೂ ಹಾಗೇ. ಎಮ್ಮೆ, ಜವಾರಿ ಆಕಳು, ಜರ್ಸಿ, ಆಡು ಯಾವುದರ ಹಾಲಾದರೂ ಲ್ಯಾಕ್ಟೋಸಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಎ2 ಅಂತ ಹೆಚ್ಚಿನ ರೇಟಿಗೆ ಮಾರುವ ಹಾಲಿನಲ್ಲಿ ಬೇರೆ ಇರುವುದು ಪ್ರೋಟೀನು, ಸಕ್ಕರೆಯಲ್ಲ. ಎಮ್ಮೆ ಹಾಲಿನಲ್ಲಿ ಕೊಬ್ಬು ಜಾಸ್ತಿ, ಹೊಟ್ಟೆ ಭಾರ ಅನಿಸುವುದು ಅದರಿಂದ. ಹಾಲನ್ನು ಚೆನ್ನಾಗಿ ಕುದಿಸಿದರೆ, ಅರಿಶಿನ, ಶುಂಠಿ ಹಾಕಿದರೆ ದಕ್ಕುತ್ತದೆ ಅಂತಲೂ ಹೇಳುತ್ತಾರೆ. ಕುದಿಸಿದರೆ ಹೋಗುವುದು ನೀರು. ಸಕ್ಕರೆ ಅಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಬಾಸುಂದಿ ತಿಂದು ಒದ್ದಾಡಿದವರಿಗೆ ಇದು ಗೊತ್ತು.

ಹಾಗಾದರೆ ಇದು ರೋಗವೇ? ನಿಜ ಹೇಳಬೇಕೆಂದರೆ ಅಲ್ಲ. ಹಸುಗೂಸಿಗೆ ಹಾಲೇ ಊಟ, ಹಾಗಾಗಿ ಕಿಣ್ವ ತುಂಬಿರುತ್ತದೆ. ತಾಯಿ ಹಾಲು ಬಿಟ್ಟ ಮೇಲೆ ಅದು ನಿಧಾನಕ್ಕೆ ಕಡಿಮೆಯಾಗುತ್ತಾ ಹೋಗುವುದೇ ಮನುಷ್ಯರಲ್ಲಿ ಸಾಮಾನ್ಯ. ಜಗತ್ತಿನ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಸ್ಥಿತಿ ಇದೇ. ದನ ಕಾಯ್ದುಕೊಂಡು ಬಂದ ಕೆಲವು ಜನಾಂಗಗಳಲ್ಲಿ ಒಂದು ಸಣ್ಣ ಜೀನ್ ಬದಲಾವಣೆ ಉಳಿದುಕೊಂಡಿತು, ಅವರಿಗೆ ಮುಪ್ಪಿನವರೆಗೂ ಕಿಣ್ವ ಬತ್ತುವುದಿಲ್ಲ. ನಮ್ಮ ದೇಶದಲ್ಲಿ ಅಂಥವರು ವಾಯವ್ಯ ಭಾಗದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ಪಂಜಾಬಿನವರು ದೊಡ್ಡ ಲೋಟದಲ್ಲಿ ಹಾಲು ಕುಡಿದು ಆರಾಮಾಗಿರುತ್ತಾರೆ ಅಂತ ನಾವು ನಾಚಿಕೆಪಡಬೇಕಾಗಿಲ್ಲ. ನಮ್ಮ ಹಿರಿಯರು ಹಾಲನ್ನು ಹಾಲಾಗಿಯೇ ಕುಡಿದದ್ದಕ್ಕಿಂತ ಹೆಪ್ಪು ಹಾಕಿ ಉಂಡದ್ದೇ ಹೆಚ್ಚು. ರೊಟ್ಟಿ ಜೊತೆ ಗಟ್ಟಿ ಮೊಸರು, ಊಟದ ಕೊನೆಗೆ ಮಜ್ಜಿಗೆ. ರುಚಿಗೆ ಮಾಡಿದ್ದೋ, ಹೊಟ್ಟೆಗೆ ಹಿತ ಅಂತ ಮಾಡಿದ್ದೋ, ಪದ್ಧತಿಯಂತೂ ಒಳ್ಳೆಯದು.

ನಿಮ್ಮ ವಿಷಯದಲ್ಲಿ ಇನ್ನೊಂದು ಎಳೆ ಇದೆ. ತೊಂದರೆ ಶುರುವಾದದ್ದು ಮದುವೆ ಊಟದ ಭೇದಿಯ ನಂತರ. ಜೋರಾಗಿ ಭೇದಿಯಾದಾಗ ಕರುಳಿನ ಆ ಕುಚ್ಚುಗಳು ಸವೆದುಹೋಗುತ್ತವೆ, ಅವುಗಳ ಮೇಲಿದ್ದ ಕಿಣ್ವವೂ ಅವುಗಳ ಜೊತೆಗೇ ಹೋಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಕೆಲವರಿಗೆ ಎರಡು ಮೂರು ತಿಂಗಳಲ್ಲಿ ಮತ್ತೆ ಬೆಳೆದು ಸರಿಹೋಗುತ್ತದೆ. ನಿಮಗೆ ನಾಲ್ಕು ತಿಂಗಳಾಯಿತು. ಹೀಗಾಗಿ ನನಗೆ ಎರಡು ಅನುಮಾನ. ನಿಮಗೆ ಮೊದಲಿನಿಂದಲೂ ಕಿಣ್ವ ಕಡಿಮೆಯೇ ಇತ್ತು, ಹೇಗೋ ಗಾಡಿ ಓಡುತ್ತಿತ್ತು, ಭೇದಿಯಾದ ಮೇಲೆ ಅದು ಬಯಲಿಗೆ ಬಂತು ಅನ್ನುವುದು ಒಂದು. ಚಿಕ್ಕಂದಿನಿಂದ ಹಾಲು ಸೇರುತ್ತಿರಲಿಲ್ಲ ಅಂದಿರಲ್ಲ, ನಾಲಿಗೆಗಿಂತ ಮೊದಲು ಹೊಟ್ಟೆಯೇ ಬೇಡ ಅಂದಿರಬಹುದು. ಇನ್ನೊಂದು, ಜಿಯಾರ್ಡಿಯಾ ಎಂಬ ಪರೋಪಜೀವಿ. ಕೆಟ್ಟ ನೀರಿನಿಂದ ಬಂದು ಸಣ್ಣ ಕರುಳಿಗೆ ಅಂಟಿಕೊಂಡು ಕೂರುತ್ತದೆ, ಭೇದಿ ನಿಂತರೂ ಉಬ್ಬರ, ಗ್ಯಾಸ್ ಬಿಡುವುದಿಲ್ಲ. ಇದಕ್ಕೆ ಔಷಧಿ ಇದೆ, ಸುಲಭವಾಗಿ ವಾಸಿಯಾಗುತ್ತದೆ. ಆದ್ದರಿಂದ ಮೊದಲ ಕೆಲಸವಾಗಿ ಹತ್ತಿರದ ವೈದ್ಯರಿಗೆ ತೋರಿಸಿ ಮಲ ಪರೀಕ್ಷೆ ಮಾಡಿಸಿ. ಒಂದು ಸಲ ಸಿಗದಿದ್ದರೂ ಇನ್ನೊಂದು ದಿನದ ಮಾದರಿಯಲ್ಲಿ ಸಿಗಬಹುದು.

ಲ್ಯಾಕ್ಟೋಸಿಗೇ ಅಂತ ಇರುವ ಪರೀಕ್ಷೆ ಉಸಿರಿನದು. ರಾತ್ರಿ ಉಪವಾಸವಿದ್ದು ಬೆಳಿಗ್ಗೆ ಲ್ಯಾಕ್ಟೋಸ್ ಕರಗಿಸಿದ ನೀರು ಕುಡಿಸುತ್ತಾರೆ. ಆಮೇಲೆ ಕೆಲವು ತಾಸು, ನಡುನಡುವೆ ಒಂದು ಯಂತ್ರಕ್ಕೆ ಊದಿಸುತ್ತಾರೆ. ದಕ್ಕದ ಸಕ್ಕರೆಯಿಂದ ದೊಡ್ಡ ಕರುಳಿನಲ್ಲಿ ಹುಟ್ಟಿದ ಹೈಡ್ರೋಜನ್ ಉಸಿರಿನಲ್ಲಿ ಬರುತ್ತದೆ. ಈ ಪರೀಕ್ಷೆ ಎಲ್ಲ ಕಡೆ ಇರುವುದಿಲ್ಲ, ಎಲ್ಲರಿಗೂ ಬೇಕಾಗುವುದೂ ಇಲ್ಲ. ಮನೆಯಲ್ಲೇ ಮಾಡುವ ಉಪಾಯ ಒಂದಿದೆ. ಎರಡು ವಾರ ಬರೀ ಹಾಲು, ಖೋವಾದ ಸಿಹಿ, ಐಸ್‌ಕ್ರೀಂ, ಹಾಲಿನ ಪುಡಿ ಹಾಕಿದ್ದೆಲ್ಲ ನಿಲ್ಲಿಸಿ. ಈ ಎರಡು ವಾರಕ್ಕೆ ಚಹಾವನ್ನೂ ಹಾಲಿಲ್ಲದೆ ಕುಡಿಯಿರಿ, ಕಷ್ಟ ಅಂತ ಗೊತ್ತು. ಆರಾಮಾಯಿತಾ? ಒಂದು ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಹಾಲು ಕುಡಿದು ಮಧ್ಯಾಹ್ನದವರೆಗೆ ಮನೆಯಲ್ಲೇ ಇರಿ. ಗುಡುಗುಡು ಮರಳಿ ಬಂದರೆ ಉತ್ತರ ಸಿಕ್ಕಿತು. ಎರಡು ವಾರ ಬಿಟ್ಟರೂ ಉಬ್ಬರ ಹಾಗೇ ಇದ್ದರೆ ಹಾಲಿನ ಮೇಲೆ ಸುಮ್ನೆ ಗೂಬೆ ಕೂರಿಸಿದ್ದೀರಿ ಅಂತ ಅರ್ಥ.

ಹಾಗೆ ಗೂಬೆ ಕೂರಿಸುವುದು ಅಪರೂಪವೇನಲ್ಲ. 1995ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. ತಮಗೆ ಹಾಲು ಸ್ವಲ್ಪವೂ ಆಗುವುದಿಲ್ಲ ಅಂತ ನಂಬಿದ್ದ 30 ಜನರನ್ನು ಸೇರಿಸಿ ಪರೀಕ್ಷೆ ಮಾಡಿದರೆ, 9 ಜನರಿಗೆ ಲ್ಯಾಕ್ಟೋಸ್ ಚೆನ್ನಾಗಿಯೇ ದಕ್ಕುತ್ತಿತ್ತು. ನಿಜವಾಗಿ ದಕ್ಕದವರಿಗೂ ದಿನಕ್ಕೆ ಒಂದು ಲೋಟ ಹಾಲನ್ನು ತಿಂಡಿಯ ಜೊತೆ ಕೊಟ್ಟಾಗ ಹೇಳಿಕೊಳ್ಳುವಷ್ಟು ತೊಂದರೆ ಆಗಲಿಲ್ಲ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಬಟ್ಟೆ ವ್ಯಾಪಾರಿಗೆ ಸಂಜೆಯಾದರೆ ಹೊಟ್ಟೆ ಡೊಳ್ಳು. ಚಹಾದ ಹಾಲಿನಿಂದಲೇ ಅಂತ ಅವರ ಹಟ. ಸಂಜೆ ದುರ್ಗದ ಬೈಲಿಗೆ ಹೋಗಿ ಒಂದು ಪ್ಲೇಟ್ ಗಿರ್ಮಿಟ್ಟು, ಎರಡು ಮಿರ್ಚಿ, ಆಮೇಲೆ ಚಹಾ, ಇದು ಅವರ ಕ್ರಮ. ಒಂದು ವಾರ ಕರಿ ಚಹಾ ಕುಡಿಯಿರಿ, ಉಳಿದದ್ದು ಹಾಗೇ ಇರಲಿ ಅಂದೆ. ಡೊಳ್ಳು ಇಳಿಯಲಿಲ್ಲ. ಮುಂದಿನ ವಾರ ಹಾಲಿನ ಚಹಾ ಇಟ್ಟುಕೊಂಡು ಮಿರ್ಚಿ ಬಿಡಿಸಿದೆ, ಇಳಿಯಿತು. ಹಸಿ ಈರುಳ್ಳಿ, ಕಡಲೆ ಹಿಟ್ಟಿನಲ್ಲೂ ಗ್ಯಾಸ್ ಮಾಡುವ ತಮ್ಮದೇ ಸಕ್ಕರೆಗಳಿವೆ. ಮೇಲಿಂದ ಎಣ್ಣೆ. ಅವರಿಗೆ ಈ ತೀರ್ಪು ಅಷ್ಟು ಇಷ್ಟವಾಗಲಿಲ್ಲ ಅನ್ನಿ.

ನಿಮಗೆ ಲ್ಯಾಕ್ಟೋಸಿನದೇ ತೊಂದರೆ ಅಂತ ಖಚಿತವಾದರೆ ಮುಂದೇನು? ಇವತ್ತೇ ತುಪ್ಪ ವಾಪಸ್ ತನ್ನಿ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲ ಅಂದರೂ ನಡೆಯುತ್ತದೆ. ಬೆಣ್ಣೆಯಲ್ಲಿ ತೀರಾ ಕಡಿಮೆ. ಪನ್ನೀರು ಮಾಡುವಾಗ ಹೆಚ್ಚಿನ ಲ್ಯಾಕ್ಟೋಸ್ ಹಾಲೊಡೆದ ನೀರಿನಲ್ಲೇ ಹೋಗಿಬಿಡುತ್ತದೆ. ಮೊಸರು ಎಲ್ಲಕ್ಕಿಂತ ಒಳ್ಳೆಯದು. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ತಾವೇ ತಿಂದು ಹುಳಿ ಮಾಡುತ್ತವೆ. ಉಳಿದದ್ದನ್ನು ಒಡೆಯುವ ಕಿಣ್ವವೂ ಅವುಗಳ ಮೈಯಲ್ಲಿದೆ, ನಿಮ್ಮ ಹೊಟ್ಟೆಯೊಳಗೆ ಹೋದ ಮೇಲೂ ಅದು ಕೆಲಸ ಮಾಡುತ್ತದೆ. ಹಾಗಾಗಿ ಮನೆಯ ತಾಜಾ ಮೊಸರೇ ಇರಲಿ. ಮಜ್ಜಿಗೆಯಂತೂ ಮೊಸರಿಗೆ ನೀರು ಬೆರೆಸಿದ್ದು, ಇನ್ನೂ ಹಗುರ. ಆದರೆ ಮೊಸರು ಹಾಕಿ ಕುದಿಸಿದ ಮಜ್ಜಿಗೆ ಹುಳಿಯಲ್ಲಿ ಆ ಬ್ಯಾಕ್ಟೀರಿಯಾ ಬದುಕಿರುವುದಿಲ್ಲ, ಆ ಲಾಭ ಅಲ್ಲಿ ಕಡಿಮೆ.

ಹಾಲು ಬೇಕೇ ಬೇಕು ಅನಿಸಿದರೆ ಊಟ ಅಥವಾ ನಾಷ್ಟಾದ ಜೊತೆ ಅರ್ಧ ಕಪ್ಪಿಗಿಂತ ಕಡಿಮೆಯಿಂದ ಶುರು ಮಾಡಿ. ವಾರಕ್ಕೊಮ್ಮೆ ಸ್ವಲ್ಪ ಏರಿಸಿ. ಎಲ್ಲಿ ಗುಡುಗು ಕೇಳಿಸಿತೋ ಅದರ ಹಿಂದಿನ ಅಳತೆ ನಿಮ್ಮದು. ಕಿಣ್ವ ಬೆಳೆಯುವುದಿಲ್ಲ, ಆದರೆ ದಿನಾ ಸ್ವಲ್ಪ ಸಿಕ್ಕರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದಕ್ಕೆ ಹೊಂದಿಕೊಳ್ಳುತ್ತವೆ. ತಿಂಗಳುಗಟ್ಟಲೆ ಪೂರ್ತಿ ಬಿಟ್ಟವರಿಗೆ ಒಮ್ಮೆಲೇ ಕುಡಿದಾಗ ಜಾಸ್ತಿ ತ್ರಾಸಾಗುವುದು ಇದೇ ಕಾರಣಕ್ಕೆ. ಚಹಾ ಒಂದನ್ನು ಬಿಟ್ಟರೆ ನೀವೂ ಹೆಚ್ಚುಕಡಿಮೆ ಆ ಸಾಲಿನಲ್ಲೇ ಇದ್ದೀರಿ, ನಿಧಾನ ಇರಲಿ. ಬಸ್ಸಿರುವ ದಿನ ಬೆಳಿಗ್ಗೆ ಈ ಪ್ರಯೋಗ ಬೇಡ, ರಾತ್ರಿ ಊಟಕ್ಕೆ ಇಟ್ಟುಕೊಳ್ಳಿ.

ಲ್ಯಾಕ್ಟೋಸ್ ಮೊದಲೇ ಒಡೆದಿರುವ ಹಾಲು ಈಗ ಪ್ಯಾಕೆಟಿನಲ್ಲಿ ಸಿಗುತ್ತದೆ. ಸ್ವಲ್ಪ ಸಿಹಿ ಅನಿಸುತ್ತದೆ, ಸಕ್ಕರೆ ಬೆರೆಸಿದ್ದಾರೆ ಅಂದುಕೊಳ್ಳಬೇಡಿ. ಬಿಡಿಯಾದ ಸಕ್ಕರೆಗಳು ನಾಲಿಗೆಗೆ ಹೆಚ್ಚು ಸಿಹಿ. ಕ್ಯಾಲ್ಸಿಯಂ, ಪ್ರೋಟೀನು ಮಾಮೂಲಿ ಹಾಲಿನಷ್ಟೇ. ರೇಟು ಹೆಚ್ಚು, ಅದೊಂದೇ ತಕರಾರು. ಲ್ಯಾಕ್ಟೇಸ್ ಮಾತ್ರೆಯೂ ಇದೆ. ಮದುವೆ ಮನೆ, ಮಠದ ದಾಸೋಹದಲ್ಲಿ ಹುಗ್ಗಿಗೆ ಹಾಲು ಸುರಿಯುವಾಗ ಬೇಡ ಅನ್ನಲಾಗದವರಿಗೆ ಅನುಕೂಲ. ಮೊದಲ ತುತ್ತಿನ ಜೊತೆಗೇ ನುಂಗಬೇಕು, ಉಂಡು ಎರಡು ತಾಸಾದ ಮೇಲೆ ನುಂಗಿದರೆ ಉಪಯೋಗವಿಲ್ಲ. ಅದು ಆ ಹೊತ್ತಿನ ಊಟಕ್ಕೆ ಮಾತ್ರ ಸಹಾಯ, ತೊಂದರೆಯನ್ನು ವಾಸಿ ಮಾಡುವುದಿಲ್ಲ. ಸೋಯಾ, ಬಾದಾಮಿ ಹಾಲಿನಲ್ಲಿ ಲ್ಯಾಕ್ಟೋಸ್ ಇಲ್ಲ ನಿಜ. ಆದರೆ ಕ್ಯಾಲ್ಸಿಯಂ ಸೇರಿಸಿದ್ದಾರೋ ಇಲ್ಲವೋ ಅಂತ ಪ್ಯಾಕೆಟ್ ಮೇಲೆ ಓದಿ ನೋಡಿ. ಸೇರಿಸದಿದ್ದರೆ ಅದು ಹಾಲಿನ ಬದಲಿಯಲ್ಲ.

ನಿಮ್ಮ ಅತ್ತೆಯವರ ಮಾತಿಗೆ ಬರೋಣ. ಅವರು ಹೇಳುವುದರಲ್ಲಿ ಅರ್ಧ ಸತ್ಯ ಇದೆ, ತಳ್ಳಿಹಾಕಬೇಡಿ. ನಿಮ್ಮ ವಯಸ್ಸಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತ ಮೇಲೆ 1200. ನಮ್ಮ ಕಡೆಯ ಊಟದ ಬೆನ್ನೆಲುಬು ಜೋಳದ ರೊಟ್ಟಿ. ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ರಾಗಿಯಲ್ಲಿ ಅದು 350ರ ಆಸುಪಾಸು. ಹಳೇ ಮೈಸೂರಿನವರು ಮುದ್ದೆ ಉಂಡು ಗಳಿಸುವುದನ್ನು ನಾವು ಮೊಸರಿನಿಂದ ಗಳಿಸುತ್ತಿದ್ದೆವು. ನೀವು ಮೊಸರನ್ನೂ ಬಿಟ್ಟಿರಿ, ಹಾಗಾಗಿ ಅತ್ತೆಯವರ ಚಿಂತೆ ಸುಳ್ಳಲ್ಲ. ದಿನಕ್ಕೆ ಎರಡು ವಾಟಿ ಮೊಸರು ಅಂದರೆ 300ರಿಂದ 400 ಮಿಲಿಗ್ರಾಂ ಆಯಿತು. ಉಳಿದದ್ದಕ್ಕೆ ಎಳ್ಳು. ಸಿಪ್ಪೆ ತೆಗೆಯದ ಎಳ್ಳಿನಲ್ಲಿ 100 ಗ್ರಾಂಗೆ 1000 ಮಿಲಿಗ್ರಾಂ ಮೀರಿ ಇರುತ್ತದೆ, ಮೈಗೆ ಹತ್ತುವುದು ಅದರಲ್ಲಿ ಒಂದು ಪಾಲು ಮಾತ್ರ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪಂಚಮಿಯ ಎಳ್ಳುಂಡಿ ಹಬ್ಬಕ್ಕೇ ಅಂತ ಕಾಯಬೇಕಾಗಿಲ್ಲ. ಗುರೆಳ್ಳು ಚಟ್ನಿಪುಡಿ, ಮೆಂತ್ಯ ಸೊಪ್ಪು, ನುಗ್ಗೆ ಸೊಪ್ಪು, ರಾಜಗಿರಿ ಸೊಪ್ಪು ಇರಲಿ. ವಾರಕ್ಕೆ ಎರಡು ಮೂರು ಸಲ ರಾಗಿ ಅಂಬಲಿ ರೂಢಿ ಮಾಡಿಕೊಳ್ಳಿ. ಪಾಲಕ್ ಸೊಪ್ಪಿನ ಲೆಕ್ಕ ಹಿಡಿಯಬೇಡಿ, ಅದರ ಕ್ಯಾಲ್ಸಿಯಂ ಮೈಗೆ ಹತ್ತುವುದು ಬಹಳ ಕಡಿಮೆ. ಎಲೆ ಅಡಿಕೆಗೆ ಸುಣ್ಣ ಹಚ್ಚಿ ತಿಂದರೆ ಸಾಕು ಅನ್ನುವವರ ಮಾತು ಕೇಳಬೇಡಿ, ಎಲುಬು ಗಟ್ಟಿಯಾಗುವ ಮೊದಲು ಬಾಯಿ ಹಾಳಾಗುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ನೀವಾಗೇ ತಗೊಳ್ಳಬೇಡಿ, ಕಿಡ್ನಿ ಸ್ಟೋನ್ ಆಗಿದ್ದವರಂತೂ ಕೇಳದೆ ಮುಟ್ಟಲೇಬಾರದು.

ಮಗನ ಹಾಲು ನಿಲ್ಲಿಸಬೇಡಿ. ಕಿಣ್ವ ಕಡಿಮೆಯಾಗುವ ಗುಣ ವಂಶದಿಂದ ಬರುತ್ತದೆ, ಮುಂದೆ ಅವನಿಗೂ ಬರಬಹುದು. ಈಗ ಕುಡಿದು ಆಡಿಕೊಂಡಿದ್ದಾನೆ ಅಲ್ವಾ? ಹಾಗಿದ್ದರೆ ಬಾರದ ತೊಂದರೆಗೆ ಮದ್ದು ಯಾಕೆ? ಹಾವೇರಿ ಕಡೆಯ ಒಂದು ಹಳ್ಳಿಯಿಂದ ಎಳೆ ಬಾಣಂತಿಯೊಬ್ಬಳು ಮೂರು ತಿಂಗಳ ಕೂಸನ್ನು ತಂದಿದ್ದಳು. ಭೇದಿಯಾಗುತ್ತಿದೆ, ಹಾಲು ದಕ್ಕುತ್ತಿಲ್ಲ ಅಂತ ಯಾರೋ ಹೇಳಿದ್ದಕ್ಕೆ ಎದೆಹಾಲು ಬಿಡಿಸಿ ಗಂಜಿ ತಿಳಿ ಕುಡಿಸುತ್ತಿದ್ದಳು. ಕೂಸು ಒಣಗಿದ ಎಲೆಯ ಹಾಗಾಗಿತ್ತು. ಹುಟ್ಟಿನಿಂದಲೇ ಈ ಕಿಣ್ವ ಇಲ್ಲದಿರುವುದು ಅತ್ಯಂತ ಅಪರೂಪ. ಭೇದಿಯಿದ್ದಾಗಲೂ ಎದೆಹಾಲು ನಿಲ್ಲಿಸಬಾರದು. ಈ ಮಾತು ನಿಮಗಲ್ಲ, ನಿಮ್ಮ ಶಾಲೆಗೆ ಬರುವ ತಾಯಂದಿರಿಗೆ ತಲುಪಲಿ ಅಂತ ಬರೆದೆ.

ಇಷ್ಟು ಹೇಳಿದ ಮೇಲೂ ಒಂದು ಎಚ್ಚರಿಕೆ. ಮಲದಲ್ಲಿ ರಕ್ತ ಕಂಡರೆ, ತೂಕ ತಾನಾಗೇ ಇಳಿದರೆ, ನಿದ್ದೆಯಿಂದ ಎಬ್ಬಿಸುವಂಥ ಭೇದಿಯಾದರೆ, ಜ್ವರ ಬಿಡದಿದ್ದರೆ, ರಕ್ತಹೀನತೆ ಇದೆ ಅಂತ ಗೊತ್ತಾದರೆ ಹಾಲಿನ ಪ್ರಯೋಗ ಮಾಡುತ್ತಾ ಕೂರಬೇಡಿ. ಲ್ಯಾಕ್ಟೋಸ್ ಇವನ್ನು ಮಾಡುವುದಿಲ್ಲ. ನೇರ ವೈದ್ಯರ ಹತ್ತಿರ ಹೋಗಿ.

ಪೇಡಾ ಬಾಕಿ ಉಳಿಯಿತು. ಸುಮಾರು 5 ಲೀಟರ್ ಹಾಲು ಬತ್ತಿದರೆ 1 ಕಿಲೊ ಖೋವಾ, ಹಾಲಿನ ಲ್ಯಾಕ್ಟೋಸ್ ಎಲ್ಲ ಅದರಲ್ಲೇ. ಧಾರವಾಡ ಪೇಡಾದ ಖೋವಾವನ್ನು ಕಂದು ಬಣ್ಣ ಬರುವ ತನಕ ಹುರಿದಾಗ ಅದರಲ್ಲಿ ಸ್ವಲ್ಪ ಕರಗಬಹುದು. ಆದರೂ ಒಂದು ಪೇಡಾಕ್ಕೆ 3 ಗ್ರಾಂ ಅಂತ ನನ್ನ ಅಂದಾಜು. ಹಾಗಾದರೆ ನಾಲ್ಕು ಪೇಡಾ ತಿಂದರೆ ನಿಮ್ಮ ಬೆಳಗಿನ ಲೋಟ ತುಂಬಿತು. ಒಂದಾದರೆ ಒಂದು ಕಪ್ ಚಹಾದಷ್ಟೇ, ಅದು ನಿಮಗೆ ದಕ್ಕುತ್ತಿದೆ. ಖಾಲಿ ಹೊಟ್ಟೆಯಲ್ಲಿ ಬೇಡ, ಊಟವಾದ ಮೇಲೆ ಒಂದು ತಿನ್ನಿ. ನಾನು ಹಾಗೇ ತಿನ್ನುತ್ತೇನೆ.